ಕಿಟಕಿಯಲ್ಲಿ ಕೈಬೀಸಿದವರು

ಭಾನುವಾರ ಬೆಳಿಗ್ಗೆ ಕ್ಷೌರದಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಯುವವರು ಎದ್ದುಹೋಗದಂತೆ ಹಿಡಿದಿಡಲು ಕ್ಷೌರಿಕನ ಬಳಿ ಒಂದು ಮದ್ದಿತ್ತು: ಊರಾಚೆಯ ಪಾಳುಬಂಗಲೆಯ ದೆವ್ವ. ಅದು ಮಹಡಿಯ ಕಿಟಕಿಯಲ್ಲಿ ನಿಂತು ಕೈಬೀಸಿ ಕರೆಯುತ್ತದೆ, ಹೋದವನು ತಿರುಗಿ ಬರುವುದಿಲ್ಲ. ಮೂವತ್ತು ವರ್ಷ ಹೇಳಿ ಹೇಳಿ ಆ ಕಥೆಗೆ ರೆಕ್ಕೆಪುಕ್ಕ ಬೆಳೆದಿತ್ತು. ಹೋದ ವಾರ ಮೂವರನ್ನು ನುಂಗಿದ್ದ ದೆವ್ವ ಈ ವಾರ ಐದಕ್ಕೇರಿತ್ತು, ಯಾರೂ ತಕರಾರು ಮಾಡಲಿಲ್ಲ.

ಕಥೆಯ ಐದನೆಯವನು ಸಾಯುವಷ್ಟರಲ್ಲಿ ಊರಿಗೆ ಹೊಸದಾಗಿ ಬಂದಿದ್ದ ನರ್ಸ್ ಬಾಗಿಲಲ್ಲಿ ನಿಂತಳು.

"ಅಣ್ಣಾ, ಆ ಬಂಗಲೆ ನಮ್ಮಜ್ಜಿದು. ಅಲ್ಲಿ ಹೆರಿಗೆ ಆಸ್ಪತ್ರೆ ಮಾಡ್ಬೇಕು ಅಂತ ಬಂದಿದ್ದೀನಿ. ಬಣ್ಣದವನು ಒಲ್ಲೆ ಅಂದ, ಬಡಗಿ ಒಲ್ಲೆ ಅಂದ. ಇಬ್ರೂ ನಿಮ್ಮ ಕಥೇನೇ ಹೇಳಿದ್ರು."

ಬಡಗಿ ಬೆಂಚಿನ ತುದಿಯಲ್ಲೇ ಕೂತಿದ್ದ. "ತಪ್ಪು ತಿಳ್ಕೋಬೇಡಮ್ಮ, ನಾನು ಮಕ್ಕಳುಮರಿ ಇರೋನು" ಎಂದ. ಹೋದ ವರ್ಷ ದೂರದ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಅವನ ಸೊಸೆಗೆ ಹೆರಿಗೆಯಾಗಿ, ಮಗು ಉಳಿದಿರಲಿಲ್ಲ.

ಕುರ್ಚಿಯಲ್ಲಿದ್ದ ದಿನಸಿ ಅಂಗಡಿಯವನು ನೊರೆಯ ನಡುವಿನಿಂದಲೇ, "ಬೆಂಕಿ ಇಲ್ದೆ ಹೊಗೆ ಆಡುತ್ತೇನಮ್ಮ?" ಎಂದ.

"ಅಜ್ಜಿಗೆ ಕ್ಷಯ ಇತ್ತು. ಯಾರೂ ಹತ್ತಿರ ಸುಳೀತಿರಲಿಲ್ವಂತೆ. ಕೊನೆಕೊನೆಗೆ ಒಬ್ರೇ ಇದ್ರು, ಕಿಟಕೀಲಿ ನಿಂತು ದಾರೀಲಿ ಹೋಗೋರನ್ನ ಕರೀತಿದ್ರಂತೆ."

ಕ್ಷೌರಿಕನ ಕತ್ತಿ ಅರ್ಧ ಕೆನ್ನೆಯ ಮೇಲೆ ನಿಂತುಬಿಟ್ಟಿತು. ನಾಚಿಕೆಯಿಂದ ಅವನ ಕಿವಿ ಕೆಂಪಾಯಿತು. ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಬಡಗಿಯ ಬಾಡಿದ ಮುಖ ಎದುರಿಗೇ ಇತ್ತು.

"ಅವರು ಕರೆದಿದ್ದು ನನ್ನನ್ನೇ ತಾಯಿ" ಎಂದ. "ಆಗ ನನಗೆ ಇಪ್ಪತ್ತು. ಅಮ್ಮಾವ್ರು ಬದುಕಿದ್ರು, ಕೈಬೀಸಿದ್ರು. ಕಾಯಿಲೆ ಅಂಟುತ್ತೆ ಅಂತ ಓಡಿಬಂದೆ. ವಾರಕ್ಕೆಲ್ಲ ಹೋಗಿಬಿಟ್ರು. ಯಾಕೋ ಓಡ್ತಿದ್ದೀಯ ಅಂತ ಯಾರೋ ಕೇಳಿದಾಗ ದೆವ್ವ ಅಂದುಬಿಟ್ಟೆ."

ಅವನು ಕತ್ತಿ, ಬ್ರಷ್ಷು, ಬಟ್ಟಲನ್ನು ಪೆಟ್ಟಿಗೆಗೆ ಹಾಕಿಕೊಂಡ.

"ಲೋ, ನನ್ನ ಇನ್ನೊಂದು ಕೆನ್ನೆ?" ದಿನಸಿಯವನು ಕೂಗಿದ.

"ಬಂಗಲೇಲಿ ಮಾಡ್ತೀನಿ, ಬನ್ನಿ ಯಜಮಾನ್ರೇ."

ಅರ್ಧ ಗಡ್ಡದಲ್ಲಿ ವ್ಯಾಪಾರಕ್ಕೆ ಕೂರುವುದು ಹೇಗೆ? ದಿನಸಿಯವನು ಹಿಡಿಶಾಪ ಹಾಕುತ್ತಾ ಹೊರಟ. ಅವನ ಗತಿ ಏನಾಗುವುದೋ ನೋಡಲು ಉಳಿದವರೂ ಮಾರು ದೂರದಲ್ಲಿ ಹಿಂಬಾಲಿಸಿದರು.

ಬಂಗಲೆಯ ಜಗಲಿಯಲ್ಲಿ, ಹಾಡಹಗಲ ಬೆಳಕಿನಲ್ಲಿ, ಇನ್ನೊಂದು ಕೆನ್ನೆಯೂ ನುಣುಪಾಯಿತು. ಯಾರಿಗೂ ಏನೂ ಆಗಲಿಲ್ಲ. ಕ್ಷೌರಿಕ ತಲೆಯೆತ್ತಿ ಮಹಡಿಯ ಕಿಟಕಿಯನ್ನು ನೋಡಿದ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಬಡಗಿ ಹೊಸ್ತಿಲು ದಾಟಿದ್ದ. ಒಳಗಿನ ಚೌಕಟ್ಟುಗಳನ್ನು ಬೆರಳಿನಿಂದ ತಟ್ಟುತ್ತಾ ಒಂದು ಸುತ್ತು ಹಾಕಿ ಹೊರಗೆ ಬಂದ.

"ಎರಡು ತಿಂಗಳಲ್ಲಿ ಮುಗಿಸಿಕೊಡ್ತೀನಮ್ಮ" ಎಂದು ನರ್ಸ್‌ಗೆ ಹೇಳಿದ. "ಸೊಸೆಗೆ ಈಗ ಆರು ತಿಂಗಳು ತುಂಬಿದೆ."