ನೀರಿಲ್ಲದ ಜಾಗ

ತೆಂಗಿನಕಾಯಿ ಅಂಗೈಯಲ್ಲಿ ಮೆಲ್ಲಗೆ ಏಳತೊಡಗಿತು. ಇಸ್ಮಾಯಿಲಸಾಬ ಹೆಬ್ಬೆರಳು ಅಡ್ಡ ಇಟ್ಟು ಅದನ್ನು ಮಲಗಿಸಿದ. ನಾಲ್ಕು ಹೆಜ್ಜೆ ಹಿಂದೆ ನಿಂತಿದ್ದ ಕೃಷ್ಣಾಜಿ ವಕೀಲರಿಗೆ ಅವನ ಬೆನ್ನಷ್ಟೇ ಕಾಣುತ್ತಿತ್ತು.

"ಏನಂತದ ಸಾಬರ, ಕಾಯಿ?"

"ಇಲ್ಲೇನೂ ಇಲ್ರಿ ರಾಯರ."

ನೀರಿನ ಪಾಯಿಂಟು ತೋರಿಸುವ ಕೆಲಸದಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದು. ಮೂವತ್ತು ವರ್ಷಗಳಿಂದ ಬ್ಯಾಡಗಿ, ಮೋಟೆಬೆನ್ನೂರು, ಹಲಗೇರಿಯ ತನಕ ಜನ ಅವನ ಅಂಗೈ ನಂಬಿ ನೆಲ ತೋಡಿದ್ದರು. ಆದರೆ ವಕೀಲರ ಈ ಹೊಸ ಪ್ಲಾಟಿನ ಉತ್ತರದ ಕಂಪೌಂಡಿನಾಚೆ ಅವನ ಓಣಿಯ ಬಾವಿಯಿತ್ತು. ನಲವತ್ತು ಮನೆಗಳಿಗೆ ಅದೊಂದೇ. ಎಂಬತ್ತೈದರ ಬರದಲ್ಲಿ ಊರ ನಳಗಳು ಬರೀ ಗಾಳಿ ಬಿಡುತ್ತಿದ್ದಾಗಲೂ ಅದರಲ್ಲಿ ಎರಡಾಳು ನೀರಿತ್ತು. ಕಾಯಿ ಎದ್ದದ್ದು ಅದೇ ಬಾವಿಯ ಸೆಲೆಗೆ. ಇಲ್ಲಿ ಬೋರು ಇಳಿದರೆ ಬಾವಿ ಉಳಿಯುವುದಿಲ್ಲ.

ನೀರೇ ಇಲ್ಲವೆಂದರೆ ವಕೀಲರು ರಾಣೆಬೆನ್ನೂರಿನಿಂದ ಬೇರೆಯವನನ್ನು ಕರೆಸುತ್ತಾರೆ. ಒಂದು ಬೋರು ಒಣಗಿ ಬಿದ್ದರೆ ಮಾತ್ರ ಆಸೆ ಬಿಟ್ಟಾರು. ಹೋದರೆ ತನ್ನ ಹೆಸರಷ್ಟೇ ಹೋಗುತ್ತದೆ. ಅವನು ನೈಋತ್ಯದ ಮೂಲೆಗೆ ನಡೆದ. ಅಲ್ಲಿ ಕಾಯಿ ಅಲುಗಲಿಲ್ಲ. ಹೆಬ್ಬೆರಳಿನಿಂದಲೇ ಅದನ್ನು ಎಬ್ಬಿಸಿ ನಿಲ್ಲಿಸಿ, ತಿರುಗಿ ತೋರಿಸಿದ.

"ಇಲ್ಲಿ ಹೊಡಸ್ರಿ."

ವಕೀಲರ ಹೆಂಡತಿ ನಲಿನಿ ಅರಿಷಿಣ ಕುಂಕುಮ ಹಿಡಿದು ಬಂದಳು. "ಈ ಮೂಲ್ಯಾಗ ನೀರು ಇರಬಾರದಂತಾರ. ನಿಮ್ಮ ಮಾತಿಗೆ ಹೂಂ ಅಂದೇವಿ. ನೀರು ಬೀಳದಿದ್ರ ನಿಮ್ಮನ್ನ ಆ ತೂತಿನಾಗ ಇಳಸ್ತೀನಿ ನೋಡ್ರಿ."

"ಆರಿಂಚಿನ ತೂತಿನಾಗ ನಾ ಹಿಡಸೂದಿಲ್ರಿ ಬಾಯಾರ."

ಅವರು ನಕ್ಕರು. ಅವನಿಗೆ ನಗು ಬರಲಿಲ್ಲ.

ಮರುದಿನ ಬೆಳಿಗ್ಗೆ ತಮಿಳುನಾಡಿನ ಎರಡು ಲಾರಿಗಳು ಬಂದು ನಿಂತವು. ಒಂದು ಕೊರೆಯುವುದಕ್ಕೆ, ಇನ್ನೊಂದು ಅದಕ್ಕೆ ಗಾಳಿ ತುಂಬುವ ಕಂಪ್ರೆಸರ್. ಅದು ಶುರುವಾದದ್ದೇ ಓಣಿಯ ಕೋಳಿಗಳೆಲ್ಲ ಮೂಕವಾದವು. ಮೇಲಿನ ಮೆತ್ತನೆ ಮಣ್ಣು ದಾಟಿ ಕೇಸಿಂಗ್ ಪೈಪು ಇಳಿಸಿದ ಮೇಲೆ ಕಲ್ಲು ಸಿಕ್ಕಿತು. ರಾಡಿನ ಮೇಲೆ ರಾಡು ಇಳಿಯುತ್ತ ಹೋಯಿತು, ಬಿಳಿ ಹುಡಿ ಏಳುತ್ತ ಬಂತು. ನಲಿನಿಯ ಹುಬ್ಬುಗಳೂ ಬೆಳ್ಳಗಾದವು. ಮಧ್ಯಾಹ್ನದ ಹೊತ್ತಿಗೆ ಇನ್ನೂರನಲವತ್ತು ಅಡಿ. ಲಾರಿಯ ಮೇಸ್ತ್ರಿ ಹುಡಿಯನ್ನು ಬೆರಳಲ್ಲಿ ತಿಕ್ಕಿ ಊದಿದ. "ಬರೀ ಕಲ್ಲು ಸಾರ್."

ಇಸ್ಮಾಯಿಲಸಾಬನ ಎದೆ ಹಗುರಾಯಿತು. ಅದರ ಹಿಂದೆಯೇ ನಾಚಿಕೆಯೂ ಬಂತು.

"ನಿಮ್ಮ ಕಾಯಿ ಕೊಳತಿತ್ತೇನ್ರಿ ಸಾಬರ?" ಎಂದರು ವಕೀಲರು.

"ವಯಸ್ಸಾತ್ರಿ. ಕೈ ಸುಳ್ಳು ಹೇಳಾಕತ್ತೈತಿ."

ವಕೀಲರು ಮೇಸ್ತ್ರಿಯ ಕಡೆ ತಿರುಗಿದರು. "ಇನ್ನೊಂದ ರಾಡ್ ಹಾಕಿ ಎತ್ತಿಬಿಡ್ರಿ."

ಆ ರಾಡು ಅರ್ಧ ಇಳಿಯುವಷ್ಟರಲ್ಲಿ ಸದ್ದು ಬದಲಾಯಿತು. ಹುಡಿ ಕಪ್ಪಾಯಿತು, ಕೆಸರಾಯಿತು, ಒಂದು ಗಳಿಗೆ ಏನೂ ಬರಲಿಲ್ಲ. ಆಮೇಲೆ ನೀರು ಲಾರಿಯ ತಲೆಯ ಮೇಲೆ ಎದ್ದು ಎಲ್ಲರ ಮೇಲೂ ಸುರಿಯಿತು. ನಲಿನಿ ಒದ್ದೆ ಸೆರಗಿನಲ್ಲೇ ಅವನಿಗೆ ಕೈ ಮುಗಿದಳು. ವಕೀಲರು ಅವನ ಭುಜ ಹಿಡಿದು ಅಲುಗಾಡಿಸಿದರು. "ನಮ್ಮನ್ನ ಹೆದರಸಾಕ ಕೈ ಸುಳ್ಳು ಅಂದ್ರೇನು? ಖರೇನ ದೊಡ್ಡ ಕೈ ನಿಮ್ಮದು."

ಇಸ್ಮಾಯಿಲಸಾಬ ಆ ಕೈಯನ್ನು ಲುಂಗಿಗೆ ಒರೆಸಿಕೊಂಡ. ಇಲ್ಲಿ ಕಾಯಿ ಅಲುಗಿರಲೇ ಇಲ್ಲ. ಹಾಗಾದರೆ ಇಷ್ಟು ವರ್ಷ ಅದು ಎದ್ದು ನಿಂತದ್ದು ಯಾತಕ್ಕೆ?

ಕಂಪೌಂಡಿನ ಮೇಲೆ ಅವನ ಹೆಂಡತಿ ಬಿಸ್ಮಿಲ್ಲಾಬಿಯ ಮುಖ ಕಾಣಿಸಿತು. "ಏನ್ರೀ, ಲಗೂ ಬರ್ರಿ. ಬಾವಿ ಕುದಿಯಾಕತ್ತೈತಿ."

ಅವನು ಗೋಡೆ ಸುತ್ತಿ ಬರುವಷ್ಟರಲ್ಲಿ ಹೆಂಗಸರು ಕಟ್ಟೆ ಬಿಟ್ಟು ಹಿಂದೆ ಸರಿದಿದ್ದರು. ಬಾವಿಯ ನೀರು ಬೆಳ್ಳಗಾಗಿತ್ತು. ಕಂಪ್ರೆಸರ್ ಉಸಿರು ಬಿಟ್ಟಾಗಲೆಲ್ಲ ತಳದಿಂದ ಗುಳ್ಳೆಗಳು ಎದ್ದು ಒಡೆಯುತ್ತಿದ್ದವು.

"ದೂರದಾಗ ತೋರಿಸಿ ಬಂದೇನಿ ಅಂದ್ರಿ," ಎಂದಳು ಬಿಸ್ಮಿಲ್ಲಾಬಿ.

"ದೂರದಾಗ ತೋರಿಸೇನಿ."

"ಮತ್ತ?"



"ನಿಲ್ಲಸಂತ ಹೇಳು ಚಾಚಾ," ಎಂದಳು ಪಕ್ಕದ ಮನೆಯ ಸೈದಾಬಿ. "ನಿನ್ನ ಮಾತು ಕೇಳ್ತಾರ ಅವರು."

ಅವನು ಗೋಡೆಯ ಕಡೆ ತಿರುಗಿ ಬಾಯಿ ತೆರೆದ. ಆಚೆಯಿಂದ ವಕೀಲರ ದನಿ ಮೊದಲು ಬಂತು. "ಬಂದ್ ಮಾಡಬ್ಯಾಡ್ರಿ. ತಿಳಿ ಆಗೋ ತನಕಾ ಹೊರಗ ಹೊಡೀಲಿ."

ಕಂಪ್ರೆಸರ್ ನಿಲ್ಲಲಿಲ್ಲ, ಬಾವಿಯ ಗುಳ್ಳೆಗಳು ಮಾತ್ರ ನಿಂತವು. ಬಿಸ್ಮಿಲ್ಲಾಬಿ ಕಟ್ಟೆಗೆ ಬಾಗಿದಳು, ಅವನೂ ಬಾಗಿದ. ಇಳಿಯುತ್ತಿದ್ದ ನೀರಿನಂಚಿಗೆ ಎಂದೂ ಬಿಸಿಲು ಕಾಣದ ಕಲ್ಲೊಂದು ಹೊರಬಿದ್ದಿತ್ತು, ಪಾಚಿಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಅದರ ಮೇಲಿದ್ದ ಸಣ್ಣ ಏಡಿ ನೀರಿಗೆಂದು ಒಂದು ಕಾಲು ಕೆಳಗೆ ಚಾಚಿತು. ಕಾಲು ಮುಟ್ಟಲಿಲ್ಲ. ಎಳೆದುಕೊಂಡು, ಕಲ್ಲಿನ ಇನ್ನೊಂದು ಅಂಚಿಗೆ ಹೋಗಿ ಮತ್ತೆ ಚಾಚಿತು.