ಪೂರ್ವಾಶ್ರಮದ ಫಾರ್ವರ್ಡ್

“ಅವರ ಹತ್ರ ಸ್ವಲ್ಪ ನಗ್ತಾ ಮಾತಾಡಿ. ಅಷ್ಟು ಮಾಡಿದ್ರೆ ಸಾಕು,” ಎಂದು ಆಸ್ಟಿನ್ನಿನ ದಾರಿಯಲ್ಲಿ ವೇಕೋ ಊರು ದಾಟುವಾಗ ವಸುಧಾ ಇನ್ನೊಮ್ಮೆ ಹೇಳಿದಳು.

ಪ್ರಹ್ಲಾದ್ ಆಗಲೆಂದ. ಸ್ಟಿಯರಿಂಗ್ ಹಿಡಿದಿದ್ದ ತನ್ನ ಕೈಗಳನ್ನು ನೋಡಿಕೊಂಡ. ಅಳತೆ ಮೀರಿದ ಕೈಗಳು. ಒಂದು ಕಾಲದಲ್ಲಿ ಮೆಲ್ಬರ್ನಿನ ಪತ್ರಿಕೆಯೊಂದು ಅವನ ಮುಖ ಬಿಟ್ಟು ಇವುಗಳದ್ದಷ್ಟೇ ಫೋಟೋ ಹಾಕಿತ್ತು. ಈಗ ಮೂರು ವರ್ಷದಿಂದ ಇವು ಡಲ್ಲಾಸಿನ ಪಕ್ಕದ ರಿಚರ್ಡ್‌ಸನ್ನಿನ ಅಪಾರ್ಟ್‌ಮೆಂಟಿನಲ್ಲಿ ಹುಳಿಗೆ ತರಕಾರಿ ಹೆಚ್ಚುತ್ತಿದ್ದವು. ಹೆಂಡತಿಯ ಕೆಲಸದ ಆಸರೆಯಲ್ಲಿ ಡಿಪೆಂಡೆಂಟ್ ವೀಸಾದ ಮೇಲೆ ಬಂದವನಿಗೆ ಅಮೆರಿಕದಲ್ಲಿ ಕೆಲಸ ಮಾಡುವ ಹಕ್ಕಿರಲಿಲ್ಲ. ಪ್ರಹ್ಲಾದ್ ಈ ಕಾನೂನಿಗೆ ಒಳಗೊಳಗೇ ಕೃತಜ್ಞನಾಗಿದ್ದ.

ವಸುಧಾಳ ಟೆಲಿಕಾಂ ಕಂಪನಿ ಒಂದು ವರ್ಷದಿಂದ ಮಹಡಿಗೆ ಮಹಡಿಯನ್ನೇ ಖಾಲಿ ಮಾಡುತ್ತ ಬಂದಿತ್ತು. ಹೋದ ವಾರ ಅವಳ ಮಹಡಿಯ ಸರದಿ. ಬೇಗ ಇನ್ನೊಂದು ಕೆಲಸ ಸಿಗದಿದ್ದರೆ ದೇಶ ಬಿಡಬೇಕು. ಅವಳಿಗೆ ಅಂಥ ಭಯವಿರಲಿಲ್ಲ. ಸಿಗದಿದ್ದರೆ ಮೆಲ್ಬರ್ನಿಗೇ ಹೋದರಾಯಿತು, ಹೇಗೂ ಗಂಡನ ಪಾಸ್‌ಪೋರ್ಟ್ ಅಲ್ಲಿಯದೇ ಎಂದಿದ್ದಳು. ಭಯವೆಲ್ಲ ಅವನದು. ಅದನ್ನು ಅವನು ಟೆಕ್ಸಸ್ಸಿನ ಮೇಲಿನ ಪ್ರೀತಿಯೆಂಬಂತೆ ತೋರಿಸಿಕೊಂಡಿದ್ದ.

ಆಸ್ಟಿನ್ನಿನ ಒಂದು ಕಂಪನಿಯಲ್ಲಿ ಅವಳ ಇಂಟರ್‌ವ್ಯೂ ಮಾಡಿದವನು ಕಾಲಿನ್ ಎಂಬ ಆಸ್ಟ್ರೇಲಿಯಾದವನು. ಕೆಲಸದ ಮಾತು ಮುಗಿದ ಮೇಲೆ ಗಂಡನ ವಿಷಯ ಬಂತು. ಹೆಸರು ಕೇಳಿದ್ದೇ ತಡ ಅವನು ಕುರ್ಚಿಯಿಂದ ಎದ್ದು ನಿಂತನಂತೆ. ಶನಿವಾರ ಆಸ್ಟಿನ್ನಿನಲ್ಲಿ ತಮ್ಮ ಆಸ್ಟ್ರೇಲಿಯನ್ ಫುಟ್‌ಬಾಲ್ ಕ್ಲಬ್ಬಿಗೂ ಹ್ಯೂಸ್ಟನ್ನಿನ ಕ್ಲಬ್ಬಿಗೂ ಆಟವಿದೆ, ಗಂಡನನ್ನು ಕರೆದುಕೊಂಡೇ ಬರಬೇಕು ಎಂದನಂತೆ.

“ನೀವು ಅಷ್ಟು ಫೇಮಸ್ಸು ಅಂತ ನಂಗೆ ಗೊತ್ತೇ ಇರ್ಲಿಲ್ಲ,” ಎಂದಿದ್ದಳು ವಸುಧಾ. ಮದುವೆಯಾದ ನಾಲ್ಕು ವರ್ಷಗಳಲ್ಲಿ ಅವಳ ದನಿಯಲ್ಲಿ ಅಂಥ ಹೆಮ್ಮೆಯನ್ನು ಅವನು ಮೊದಲ ಸಲ ಕೇಳಿದ್ದ.

ಅವಳಿಗೆ ಗೊತ್ತಿದ್ದದ್ದು ಇಷ್ಟು: ಗಂಡ ಅಲ್ಲಿ ಯಾವುದೋ ಫುಟ್‌ಬಾಲ್ ಆಡುತ್ತಿದ್ದ, ಮಂಡಿ ಹೋಯಿತು, ಬಿಟ್ಟ. ಡಲ್ಲಾಸಿನ ಕನ್ನಡದವರಿಗೆ ಅಷ್ಟೂ ಗೊತ್ತಿರಲಿಲ್ಲ. ಒಮ್ಮೆ ಯುಗಾದಿ ಊಟದಲ್ಲಿ ಹಿರಿಯರೊಬ್ಬರು, ಕೈಯಲ್ಲೂ ಹಿಡಿಯಬಹುದು ಕಾಲಲ್ಲೂ ಒದೆಯಬಹುದು ಎಂದಾದರೆ ಅದು ಎಂಥ ಆಟ ಎಂದು ಕೇಳಿದ್ದರು. ಅವರ ದೃಷ್ಟಿಯಲ್ಲಿ ಅದೊಂದು ಬಗೆಯ ಮೋಸ. ಪ್ರಹ್ಲಾದನಿಗೆ ಆ ಅಂಕಲ್ ಬಹಳ ಇಷ್ಟವಾಗಿದ್ದರು.

ಅವನ ತಂದೆ ಡಾಕ್ಟರ್ ರಾಮಮೂರ್ತಿಯವರೂ ಹೆಚ್ಚುಕಡಿಮೆ ಹೀಗೇ ಹೇಳುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಮೈಸೂರಿನಿಂದ ಮೆಲ್ಬರ್ನಿಗೆ ಬಂದವರು, ಮಗ ಆಡುವುದೇ ಆದರೆ ಕ್ರಿಕೆಟ್ಟಾದರೂ ಆಡಲಿ ಎಂದರು. ಮಗ ಆರೂಕಾಲು ಅಡಿ ಬೆಳೆದ. ಹದಿನೆಂಟಕ್ಕೆ ದೊಡ್ಡ ಕ್ಲಬ್ಬೊಂದು ಅವನನ್ನು ತೆಗೆದುಕೊಂಡಿತು. ಮೂರು ವರ್ಷ ಎರಡನೆಯ ತಂಡದಲ್ಲಿ ಕೆಸರು ತುಳಿದು, ಆಮೇಲೆ ಫುಲ್ ಫಾರ್ವರ್ಡ್ ಆದ. ಅಂದರೆ ಗೋಲಿನ ಎದುರಿಗೇ ನಿಂತು, ಹಿಂದಿನಿಂದ ಒದ್ದು ಕಳಿಸಿದ ಚೆಂಡನ್ನು ಹಾರಿ ಹಿಡಿಯುವವನು. ನೆಲ ಮುಟ್ಟುವ ಮೊದಲು ಹಿಡಿದರೆ ಯಾರೂ ಮೈಮೇಲೆ ಬೀಳುವಂತಿಲ್ಲ. ನಿಧಾನವಾಗಿ ನಿಂತು ಗೋಲಿಗೆ ಒದೆಯಬಹುದು. ನಾಲ್ಕು ಸೀಸನ್ ಅವನು ಹಿಡಿದ, ಒದ್ದ. ಬೇಲಿಯಾಚೆಯಿಂದ ಅವನ ಬಣ್ಣ ಹಿಡಿದು ಬೈಯುತ್ತಿದ್ದವರೇ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಆಟೋಗ್ರಾಫ್ ಕೇಳತೊಡಗಿದರು.

ಆಮೇಲೆ ಸೆಮಿಫೈನಲ್. ಕೊನೆಯ ನಿಮಿಷ, ಒಂದು ಗೋಲು ಬಂದರೆ ಗೆಲುವು. ಅವನ ಸುತ್ತ ಯಾರೂ ಇರಲಿಲ್ಲ. ಚೆಂಡು ನೇರ ಅವನ ಎದೆಗೆ ಬಂತು. ಬಿದ್ದುಹೋಯಿತು.

ವಿಚಿತ್ರವೆಂದರೆ ಅವನಿಗೆ ಅದು ಬಿದ್ದದ್ದು ನೆನಪಿರಲಿಲ್ಲ. ನೆನಪಿದ್ದದ್ದು ಟಿವಿಯಲ್ಲಿ ತೋರಿಸಿದ ಚಿತ್ರ: ಬೆನ್ನ ಹಿಂದಿನಿಂದ, ನಿಧಾನಗತಿಯಲ್ಲಿ, ಯಾರೋ ಎತ್ತರದ ಮನುಷ್ಯನ ಕೈಗಳ ನಡುವಿನಿಂದ ಚೆಂಡು ಜಾರುವುದು. ಮರುವರ್ಷ ಕ್ಲಬ್ಬು ಅವನನ್ನು ಕೈಬಿಟ್ಟಿತು. ಮಂಡಿ ನಿಜವಾಗಿ ಹೋದದ್ದು ಅದಕ್ಕಿಂತ ಆರು ತಿಂಗಳು ತಡವಾಗಿ, ಅಪ್ಪನ ಮನೆಯ ಮೆಟ್ಟಿಲಲ್ಲಿ. ಅಂಗಡಿಯಲ್ಲಿ ಅವನು ಹಾಲಿನ ಕ್ಯಾನ್ ಎತ್ತಿಕೊಂಡರೆ ಹಿಂದಿನವರು ಜೋಪಾನ ಎನ್ನುತ್ತಿದ್ದರು. ಟೆಕ್ಸಸ್ಸಿನಲ್ಲಿ ಯಾರೂ ಹಾಗೆನ್ನುತ್ತಿರಲಿಲ್ಲ. ಇನ್ನು ಮುಂದೆಯೂ ಯಾರಿಗೂ ಗೊತ್ತಾಗದೆ ಇಲ್ಲಿ ಇರಬೇಕಾದರೆ, ಗೊತ್ತಿರುವ ಒಬ್ಬನೆದುರು ಇವತ್ತು ಹೋಗಿ ನಿಲ್ಲಬೇಕಾಗಿತ್ತು.

ಆಸ್ಟಿನ್ನಿನ ಮೈದಾನದಲ್ಲಿ ಏಪ್ರಿಲ್ಲಿನ ಗಾಳಿ ಬೀಸುತ್ತಿತ್ತು. ಎರಡು ಸಾಕರ್ ಮೈದಾನಗಳ ಮೇಲೆ ಸುಣ್ಣದಲ್ಲಿ ಒಂದು ದೊಡ್ಡ ಮೊಟ್ಟೆಯಾಕಾರ ಎಳೆದಿದ್ದರು. ಎರಡೂ ತುದಿಗೆ ಬಿಳಿ ಪ್ಲಾಸ್ಟಿಕ್ ಪೈಪಿನ ನಾಲ್ಕು ನಾಲ್ಕು ಕಂಬಗಳು. ಆಡುವವರು ಹೆಚ್ಚಿನವರು ನಲವತ್ತು ದಾಟಿದವರು, ಅರ್ಧದಷ್ಟು ಜನ ಈ ಆಟವನ್ನು ಈಚೆಗೆ ಕಲಿತ ಅಮೆರಿಕನ್ನರು.

ಕಾಲಿನ್ ಓಡಿಬಂದು ಪ್ರಹ್ಲಾದನ ಕೈಯನ್ನು ಎರಡೂ ಕೈಯಲ್ಲಿ ಹಿಡಿದ. ಆ ದಿನ ತಾನು ಗೋಲಿನ ಹಿಂದೆಯೇ ಕೂತಿದ್ದೆ, ತನ್ನ ಅಪ್ಪ ಆಮೇಲೆ ಒಂದು ವಾರ ಮಾತಾಡಲಿಲ್ಲ ಎಂದ. ಅವನ ಕಣ್ಣಲ್ಲಿ ನಿಜವಾದ ಪ್ರೀತಿಯಿತ್ತು. ಅಮೆರಿಕನ್ನರನ್ನು ಕರೆದು, ನಮ್ಮ ದೇಶದಲ್ಲಿ ಈತನನ್ನು ಅರಿಯದವರಿಲ್ಲ ಎಂದು ಪರಿಚಯಿಸಿ, ಯಾಕೆ ಎಂಬುದನ್ನೂ ಹೇಳಿದ. ಸವಿಸ್ತಾರವಾಗಿ ಹೇಳಿದ. ವಸುಧಾ ಪಕ್ಕದಲ್ಲೇ ನಿಂತು ಕೇಳಿದಳು.

ಎಲ್ಲರೂ ನೀರಿನ ಡಬ್ಬದ ಕಡೆಗೆ ಹೋದಾಗ ಅವಳು ಮೆಲ್ಲಗೆ ಕೇಳಿದಳು: “ನಂಗ್ಯಾಕೆ ಹೇಳ್ಲಿಲ್ಲ?”

“ಮಂಡಿ ವಿಷಯ ಹೇಳಿದ್ನಲ್ಲ.”

“ನಾನು ಮಂಡಿ ವಿಷಯ ಕೇಳ್ತಿಲ್ಲ.”

“ಕೆಲಸದ ಬಗ್ಗೆ ಏನಾದ್ರೂ ಹೇಳಿದ್ರಾ?” ಎಂದ ಪ್ರಹ್ಲಾದ್.

ಅವಳು ಮೈದಾನದ ಕಡೆ ತಿರುಗಿದಳು. ದುಪಟ್ಟಾ ಗಾಳಿಗೆ ಮುಖದ ಮೇಲೆ ಬಂದಿತ್ತು. ಅದನ್ನು ಸರಿಸಿಕೊಳ್ಳಲಿಲ್ಲ.

ಅರ್ಧ ಆಟ ಮುಗಿದಾಗ ಕಾಲಿನ್ ಕ್ಯಾಮೆರಾ ತಂದ. ಅವತ್ತು ಚೆಂಡು ಕೈಬಿಟ್ಟದ್ದನ್ನು ಒಂದು ಸಲ ಮಾಡಿ ತೋರಿಸಬೇಕು, ತಪ್ಪು ತಿಳಿಯಬಾರದು, ಅಪ್ಪನಿಗೆ ಫೋಟೋ ಕಳಿಸುತ್ತೇನೆ ಎಂದ. ಪ್ರಹ್ಲಾದ್ ವಸುಧಾಳ ಕಡೆ ನೋಡಿದ. ಬೇಡವೆಂದು ಅವಳು ತಲೆಯಾಡಿಸಿದಳು. ಬೇಡವೆಂದದ್ದು ತನ್ನ ಸಲುವಾಗಿಯೋ, ಕೆಲಸದ ಸಲುವಾಗಿಯೋ ಅವನಿಗೆ ತಿಳಿಯಲಿಲ್ಲ. ಅವನು ನಗುತ್ತ ಗೋಲಿನ ಎದುರು ಹೋಗಿ ನಿಂತ. ನಗುವುದು ಬೆಳಗಿನಿಂದ ಒಪ್ಪಿಕೊಂಡಿದ್ದ ಕೆಲಸ.

ಕಾಲಿನ್ ಚೆಂಡನ್ನು ಒದ್ದ. ಅದು ಗಾಳಿಗೆ ಓಲಾಡಿ, ತಲೆಯ ಮೇಲಿಂದ ದಾಟಿಹೋಗುವಂತಿತ್ತು. ಪ್ರಹ್ಲಾದನ ಕೈಗಳು ತಾವಾಗಿ ಮೇಲೆದ್ದವು. ಚೆಂಡು ಬೆರಳುಗಳಿಗೆ ಗಟ್ಟಿಯಾಗಿ ಅಂಟಿಕೊಂಡಿತು.

“ಅಯ್ಯೋ” ಎಂಬ ಅರ್ಥದ ಸದ್ದು ಎಲ್ಲರ ಬಾಯಿಂದ ಹೊರಟಿತು. ಕಾಲಿನ್ ಪರವಾಗಿಲ್ಲ ಎಂದು ಸಮಾಧಾನ ಹೇಳಿ ಇನ್ನೊಮ್ಮೆ ಒದ್ದ. ಪ್ರಹ್ಲಾದ್ ಅದನ್ನೂ ಹಿಡಿದ. ಮಂಡಿ ನೋಯುತ್ತಿತ್ತು, ಆದರೆ ಕೈಗಳಿಗೆ ಆರು ವರ್ಷ ಕಳೆದದ್ದೇ ತಿಳಿದಿರಲಿಲ್ಲ. ಜನ ಗಡಿಯಾರ ನೋಡಿಕೊಳ್ಳತೊಡಗಿದರು. ಮುಂದಿನ ಸಲ ಅವನು ಕಣ್ಣು ಮುಚ್ಚಿ, ಕೈಗಳನ್ನು ಬಲವಂತವಾಗಿ ಅಗಲಿಸಿದ. ಚೆಂಡು ಎದೆಗೆ ಬಡಿದು ಕೆಳಗೆ ಬಿತ್ತು.

ಚಪ್ಪಾಳೆ ಬಿತ್ತು. ಕಾಲಿನ್ ಅವನನ್ನು ತಬ್ಬಿಕೊಂಡು, ಥೇಟ್ ಅವತ್ತಿನ ಹಾಗೇ ಎಂದ. ಇರಬಹುದು ಎಂದುಕೊಂಡ ಪ್ರಹ್ಲಾದ್. ಹಾಗಾದರೆ ಅವತ್ತೂ ತಾನು ಕೈಗಳನ್ನು ಅಗಲಿಸಿದ್ದೆನೇ? ಕೇಳೋಣವೆಂದರೆ ಅವತ್ತು ಹತ್ತಿರದಿಂದ ನೋಡಿದವನು ಇಲ್ಲಿ ಕಾಲಿನ್ ಒಬ್ಬನೇ. ಅವನು ಆಗಲೇ ಮಡಚುವ ಕುರ್ಚಿಯೊಂದನ್ನು ಬಿಡಿಸಿ ವಸುಧಾಳ ಪಕ್ಕ ಹಾಕುತ್ತಿದ್ದ.

ಆಟ ಮತ್ತೆ ಶುರುವಾಯಿತು. ಗಾಳಿ ಜೋರಾಯಿತು. ಹ್ಯೂಸ್ಟನ್ನಿನವರ ತುದಿಯಲ್ಲಿ ಗೋಲಿನ ಒಂದು ಕಂಬ ಬುಡದಿಂದ ಸಡಿಲಿ ಬಾಗತೊಡಗಿತು. ಎರಡು ಸಲ ನೆಟ್ಟರೂ ಬಿತ್ತು. ಮಂಡಿನೋವಿನಿಂದ ಆಡಲಾರದೆ ಗೆರೆಯಾಚೆ ನಿಂತಿದ್ದ ಪ್ರಹ್ಲಾದನನ್ನು ಯಾರೋ ಕೂಗಿ, ಸ್ವಲ್ಪ ಹಿಡಿದುಕೊಳ್ಳುವಿರಾ ಎಂದರು.

ಅವನು ಹೋಗಿ ಹಿಡಿದುಕೊಂಡ. ಪೈಪು ಟೊಳ್ಳು. ಗಾಳಿ ಅದರೊಳಗೆ ಹೊಕ್ಕು ಸಣ್ಣಗೆ ಊಳಿಡುವುದು ಅಂಗೈಗೆ ತಿಳಿಯುತ್ತಿತ್ತು. ಇಲ್ಲಿಂದ ಮೈದಾನದ ಆಚೆ ತುದಿ ಬಹಳ ದೂರ. ಅಲ್ಲಿ ಎರಡು ಕುರ್ಚಿಗಳು ಕಾಣುತ್ತಿದ್ದವು. ಕಾಲಿನ್ ಏನೋ ಹೇಳುತ್ತಿದ್ದ. ವಸುಧಾ ಮುಖಕ್ಕೆ ಕೈ ಹಿಡಿದು ಬಾಗಿದ್ದಳು. ನಗುತ್ತಿರಬಹುದು. ಕೆಲಸ ಸಿಕ್ಕಿರಲೂಬಹುದು.

ಚೆಂಡು ಅವನ ತಲೆಯ ಮೇಲಿಂದ ಹಾದು ಹಿಂದೆಲ್ಲೋ ಹುಲ್ಲಿನಲ್ಲಿ ಬಿದ್ದ ಸದ್ದಾಯಿತು. ಆಡುವವರೆಲ್ಲ ಓಡುವುದನ್ನು ನಿಲ್ಲಿಸಿ ಅವನ ಕಡೆಗೇ ತಿರುಗಿದರು. ಅಷ್ಟು ಹತ್ತಿರದಲ್ಲಿದ್ದವನು ಅವನೊಬ್ಬನೇ. ಕಂಬದ ಒಳಗಿನಿಂದ ಹೋಯಿತೋ ಹೊರಗಿನಿಂದ ಹೋಯಿತೋ ಎಂದು ಯಾರೋ ಕೂಗಿ ಕೇಳಿದರು.

ಅವನು ನೋಡಿರಲಿಲ್ಲ. ಅವರು ಕಾಯುತ್ತಿದ್ದರು. ಕಂಬ ಇನ್ನೊಮ್ಮೆ ವಾಲಿತು. ಅವನು ಅದನ್ನು ಎದೆಗೊತ್ತಿ, ಎರಡೂ ತೋಳುಗಳಿಂದ ಬಿಗಿಯಾಗಿ ತಬ್ಬಿ, ನೆಟ್ಟಗೆ ನಿಂತ.