ನೀರು ಕೇಳುವ ಮೇಷ್ಟ್ರು

ಅಟ್ಟದಿಂದ ಇಳಿಸಿದ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ನೀರು ಪೂರಾ ಇಂಗಿ ಕೊಬ್ಬರಿಯಾಗಿದೆಯೇ ಎಂದು ನಮ್ಮ ಸೀಮೆಯವರು ಆಲಿಸುವಂತೆ, ಹಾಲಸ್ವಾಮಿ ಮೇಷ್ಟ್ರು ವಿದ್ಯಾರ್ಥಿಗಳ ಯೋಜನೆಗಳನ್ನು ಓದಿ ಮುಗಿಸಿದ ಮೇಲೆ ಹಾಳೆಗಳನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಅಲ್ಲಾಡಿಸಿ, "ಇನ್ನೂ ನೀರೈತೆ ಕಣಪ್ಪ" ಎಂದು ಹಿಂದಿರುಗಿಸುತ್ತಿದ್ದರು.

ತಿಪಟೂರಿನ ನಮ್ಮ ಕಾಲೇಜಿಗೆ ಉದ್ಯಮಶೀಲತೆಯೆಂಬ ಹೊಸ ವಿಷಯ ಬಂದ ಕಾಲವದು. ಅದನ್ನು ಕಲಿಸುತ್ತಿದ್ದ ಮೇಷ್ಟ್ರದು ಮೊಣಕೈ ಸವೆದ ಕಂದು ಕೋಟು, ಅದರ ಎಡಜೇಬಿನಲ್ಲಿ ಸದಾ ಒಂದು ಒಣಗಿದ ಕಾಯಿ, ಆ ಭಾರಕ್ಕೆ ಎಡಕ್ಕೆ ವಾಲಿದ ನಡಿಗೆ. ಎಳನೀರನ್ನು ಬಾಟಲಿಗೆ ತುಂಬಿ ದಿಲ್ಲಿಗೆ ಕಳಿಸುವ ನನ್ನ ಮಹಾಯೋಜನೆಯನ್ನು ಆಲಿಸಿ, "ಇದ್ರಲ್ಲಿ ಬರೀ ನೀರೇ ಐತಲ್ಲೋ" ಎಂದಿದ್ದರು. ಉದ್ಯಮಶೀಲತೆಯಲ್ಲಿ ಪ್ರಥಮ ದರ್ಜೆ ಪಡೆದು, ಈಗ ತಿಂಗಳ ಸಂಬಳಕ್ಕೆ ಬಾಯಿಬಿಟ್ಟು ಕೂರುವ ನನ್ನನ್ನು ನೋಡಿದರೆ, ಆ ಕಿವಿ ಎಷ್ಟು ಚುರುಕಾಗಿತ್ತೆಂದು ಯಾರಿಗಾದರೂ ತಿಳಿದೀತು.

ನಮ್ಮ ತರಗತಿಯ ಆಸ್ಫಿಯಾ ತುರುವೇಕೆರೆಯ ಟೈಲರ್ ಬುಡನ್ ಸಾಬರ ಮಗಳು. ಕೊಬ್ಬರಿಯ ಚಿಪ್ಪು ಒಡೆಯುವ ಹೆಂಗಸರ ಎಡಗೈಗೆ ಮಚ್ಚಿನೇಟು ತಾಕದಿರಲೆಂದು ದಪ್ಪ ಬಟ್ಟೆಯ ಕೈಗವಸು ಹೊಲಿದು, ಅದನ್ನೇ ತನ್ನ ಯೋಜನೆಯೆಂದು ತಂದಿದ್ದಳು. ಹೆಬ್ಬೆರಳು, ತೋರುಬೆರಳುಗಳ ತುದಿ ಮಾತ್ರ ಬರಿದು. "ಈ ಸಲ ಪಾಸಾಗ್ದಿದ್ರೆ ಕಾಲೇಜು ಸಾಕು, ಅಂಗಡೀಲಿ ಗುಂಡಿ ಕಾಜಾ ಹೊಲ್ಕೊಂಡಿರು" ಎಂದು ಅಪ್ಪ ಅವಳಿಗೆ ಹೇಳಿದ್ದು ನಮಗೆಲ್ಲ ಗೊತ್ತಿತ್ತು.

ಮೇಷ್ಟ್ರು ಗವಸನ್ನೂ ಕಿವಿಗೆ ಹಿಡಿದರು. "ಬೆರಳೇ ಬಯಲಾಗೈತಲ್ಲಮ್ಮ. ನೀರೈತೆ."

"ನಿಮ್ಮ ಮಾತಲ್ಲೇ ನೀರೈತೆ ಸಾರ್" ಎಂದಳು ಆಸ್ಫಿಯಾ. "ಪೂರ್ತಿ ಮುಚ್ಚಿರೋದೂ ತಂದಿದೀನಿ, ಮಚ್ಚೂ ಐತೆ. ತೊಟ್ಕಂಡು ಒಡೀರಿ."

"ಹೋಯ್ತು ಕಣ್ಲಾ ಇವಳ ಮಾರ್ಕ್ಸು" ಎಂದು ಪಕ್ಕದ ಕಲ್ಲೇಶ ನನ್ನನ್ನು ತಿವಿದ.

ಮೇಷ್ಟ್ರು ಜೇಬಿನ ಕಾಯಿ ತೆಗೆದು, ಮುಚ್ಚಿದ ಗವಸು ತೊಟ್ಟು ಮಚ್ಚೆತ್ತಿದರು. ಹಿಡಿತ ಸಿಗದೆ ಕಾಯಿ ಜಾರಿ ಮೇಜಿನಡಿ ಉರುಳಿತು. ಹೆಕ್ಕಿಕೊಂಡು, ತೆರೆದ ಬೆರಳಿನದನ್ನು ತೊಟ್ಟು ಒಡೆದಾಗ ಉಂಡೆಕೊಬ್ಬರಿ ಇಡಿಯಾಗಿ ಬಂತು, ಕೈಯೂ ಉಳಿಯಿತು. ಅದನ್ನು ಚೂರು ಮಾಡಿ ನಮಗೆಲ್ಲ ಹಂಚುತ್ತಾ, "ದಡ್ಡ ನಾನೇ ಕಣ್ರೋ. ಇವತ್ತಿನ ಪಾಠ ಆಸ್ಫಿಯಾದು, ಬರ್ಕೊಳ್ಳಿ" ಎಂದರು.

ಅಂದೇ ಸಂಜೆ ಗವಸು ಹಿಡಿದು ತುರುವೇಕೆರೆಯ ಬಸ್ಸು ಹತ್ತಿದರು, ಬೆನ್ನಿಗೆ ನಾನೂ ಕಲ್ಲೇಶನೂ. ಬುಡನ್ ಸಾಬರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಬೆರಳಿಗೆ ಹಿಂಗೆ ಕತ್ತರಿಸೋದು ನಾನು ಕಲಿಸಿದ್ದಲ್ಲ ಮೇಷ್ಟ್ರೇ" ಎಂದರು. ಗವಸನ್ನು ಮಡಿಚಿ ಮೇಷ್ಟ್ರ ಕೈಗಿಟ್ಟು, "ಓದ್ಲಿ ಬುಡಿ."

ಹೊಸತನ್ನು ಯೋಚಿಸುವ ಶಕ್ತಿಯನ್ನು ಪಾಠದಿಂದ ಕೊಡಲಾಗದೆನ್ನುತ್ತಾರೆ ಬಲ್ಲವರು, ಇದ್ದೀತು. ಆದರೆ ಶಿಷ್ಯರೆದುರು ನಗುತ್ತ ಸೋಲಬಲ್ಲ ಇಂಥ ಗುರುಗಳು, ಎದುರು ಮಾತಾಡಿದರೂ ಲೋಕ ಮುಳುಗುವುದಿಲ್ಲವೆಂಬ ಧೈರ್ಯವನ್ನು ನಮ್ಮೊಳಗೆ ಸದ್ದಿಲ್ಲದೆ ಇಟ್ಟುಹೋಗುತ್ತಾರೆ. ಕೆಲವರಲ್ಲಿ ಅದು ಉದ್ಯಮವಾಗಿ ಬೆಳೆಯುತ್ತದೆ. ನನ್ನಂಥ ಸಂಬಳದವರಲ್ಲಿ, ಸಾಹೇಬರ ಮುಂದೆ ನಿಂತು "ಸಾರ್, ಇದು ಹೀಗಲ್ಲ" ಎನ್ನುವ ಒಂದು ವಾಕ್ಯವಾಗಿಯಾದರೂ ಉಳಿಯುತ್ತದೆ.